ನಾಗಣ್ಣ ಬಾಯಿ ಬಿಟ್ಟ ದಿನ

ಅರ್ಧ ಗಡ್ಡ ಇಳಿದಿತ್ತು. ಅಷ್ಟರಲ್ಲಿ ಪೊಲೀಸಪ್ಪ ಸಲೂನಿನ ಬಾಗಿಲಲ್ಲಿ ಬಂದು ನಿಂತ.

"ಹೊಸ ಮೇಡಂ ಠಾಣಾಕ್ಕ ಕರಿಯಾಕತ್ತಾರ್ರಿ ಅಣ್ಣಾರ. ಅವಸರಿಲ್ಲ, ಗಡ್ಡ ಮುಗಿಸ್ಕೊಂಡೇ ಬರ್ರಿ."

ಕ್ಷೌರಿಕ ಕತ್ತಿ ಆಡಿಸುವುದನ್ನು ನಿಲ್ಲಿಸಿದ. ಕತ್ತಿ ಇದ್ದದ್ದು ನಾಗಣ್ಣನ ಗಂಟಲ ಮೇಲೆ, ಆದರೆ ಹೆದರಿದವನು ಕತ್ತಿ ಹಿಡಿದವನೇ. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರು ನೆಲ ನೋಡುತ್ತ ಕೂತರು. ಅವರೆಲ್ಲ ನಾಗಣ್ಣನಿಗಿಂತ ಮೊದಲು ಬಂದವರು. ಆದರೂ ಅವನು ಒಳಗೆ ಬಂದ ಕೂಡಲೇ ಕುರ್ಚಿ ಖಾಲಿಯಾಗಿತ್ತು.

ಆಳಂದದಲ್ಲಿ ನಾಗಣ್ಣನಿಗೆ ಅಂಥ ಮರ್ಯಾದೆ. ಕಲ್ಯಾಣಕುಮಾರನನ್ನು ಕೊಂದವನು ಅವನೇ ಎಂದು ಊರು ತೀರ್ಮಾನಿಸಿಬಿಟ್ಟಿತ್ತು.

ಅವನು ಕೊಂದಿರಲಿಲ್ಲ. ಅದು ಅವನಿಗೆ, ದೇವರಿಗೆ ಮತ್ತು ಬಸ್‌ಸ್ಟ್ಯಾಂಡಿನ ಹಿಂದೆ ಹೋಟೆಲು ನಡೆಸುವ ಶರಫುದ್ದೀನನಿಗೆ ಮಾತ್ರ ಗೊತ್ತು ಎಂದುಕೊಂಡಿದ್ದ.

ಕಲ್ಯಾಣಕುಮಾರ ಪ್ಲಾಟು ಮಾರುವ ದಲ್ಲಾಳಿ. ಕಂಡವರ ಜಾಗಕ್ಕೆಲ್ಲ ರಾತ್ರೋರಾತ್ರಿ ತಂತಿ ಬೇಲಿ ಹಾಕಿ ತನ್ನದೆನ್ನುತ್ತಿದ್ದ. ನಾಗಣ್ಣನ ಹೆಂಡತಿ ಗುರುಬಾಯಿಗೆ ಅವಳ ಅಪ್ಪ ಕೊಟ್ಟಿದ್ದ ಪ್ಲಾಟಿಗೂ ಹಾಕಿದ. "ಹೋಗಿ ಕೇಳ್ರಿ," ಎಂದು ಗುರುಬಾಯಿ ದಿನಾ ಹೇಳಿದಳು. "ನಾಳಿ ಕೇಳ್ತೇನಿ," ಎಂದು ನಾಗಣ್ಣ ದಿನಾ ಹೇಳಿದ. ತನ್ನ ಕಿರಾಣಿ ಅಂಗಡಿಯಲ್ಲಿ ಇಲಿ ಕಂಡರೆ ಗಿರಾಕಿಯನ್ನು ಮುಂದೆ ಬಿಡುವ ಜೀವ ಅದು.

ಒಂದು ಸಂಜೆ ಕಲ್ಯಾಣಕುಮಾರ ತಾನೇ ಕಟ್ಟಿಸುತ್ತಿದ್ದ ಕಾಂಪ್ಲೆಕ್ಸಿನ ಮಾಳಿಗೆಯಿಂದ ಕೆಳಗೆ ಬಿದ್ದು ಸತ್ತ. ಅಂಗಿಯ ಗುಂಡಿಗಳು ಕಿತ್ತುಹೋಗಿದ್ದವು. ಯಾರೋ ನೂಕಿದ್ದಾರೆ ಎಂದರು ಪೊಲೀಸರು. ಬೇಲಿ ಹಾಕಿಸಿಕೊಂಡ ಗಂಡಸರನ್ನೆಲ್ಲ ಕರೆಸಿ, ಆ ಹೊತ್ತಿನಲ್ಲಿ ಎಲ್ಲಿದ್ದಿರಿ ಎಂದು ಕೇಳಿದರು. ಎಲ್ಲರೂ ಹೇಳಿದರು. ನಾಗಣ್ಣ ಮಾತ್ರ ಬೆವರಿದ, ಬಾಯಿ ಬಿಡಲಿಲ್ಲ.

ಬಿಡುವುದಾದರೂ ಹೇಗೆ? ಅಂದು ಗುರುಬಾಯಿ ಅತನೂರಿನ ತವರಿಗೆ ಹೋಗಿಬರುತ್ತೇನೆಂದು ಹೊರಟಿದ್ದಳು. ಅದೇ ಸಂದು ನೋಡಿ ನಾಗಣ್ಣ ಶರಫುದ್ದೀನನ ಹೋಟೆಲಿನಲ್ಲಿ, ಪರದೆಯ ಹಿಂದೆ ಕೂತು, ಹಣೆಯ ಮೇಲಿನ ವಿಭೂತಿಯನ್ನೂ ಅಳಿಸದೆ ಡಬಲ್ ಆಮ್ಲೇಟ್ ತಿನ್ನುತ್ತಿದ್ದ. ಗುರುಬಾಯಿಯ ಮನೆಯಲ್ಲಿ ತತ್ತಿ ಎಂಬ ಶಬ್ದಕ್ಕೂ ಪ್ರವೇಶವಿರಲಿಲ್ಲ. ಕೊಲೆ ಮಾಡಿದರೆ ಜೈಲು. ತತ್ತಿ ತಿಂದರೆ ಗುರುಬಾಯಿ. ನಾಗಣ್ಣ ತೂಗಿ ನೋಡಿ ಜೈಲೇ ವಾಸಿ ಎಂದುಕೊಂಡ.

ಪುರಾವೆ ಸಿಗದೆ ಪೊಲೀಸರು ಬಿಟ್ಟರು. ಅವನು ಮನೆಗೆ ಬಂದಾಗ ಗುರುಬಾಯಿ ಹೊಸ್ತಿಲಲ್ಲೇ ಕೂತಿದ್ದಳು.

"ಏನರೆ ಹೇಳಿದ್ರೇನ್ರಿ?"

"ಒಂದ್ ಮಾತೂ ಹೇಳಿಲ್ಲ."

ಅವಳು ಅತ್ತಳು. ಬಗ್ಗಿ ಅವನ ಕಾಲು ಮುಟ್ಟಿದಳು. ಅಂದಿನಿಂದ ಅವಳ ಬಾಯಲ್ಲಿ ಒಂದು ಬಿರುಸು ಮಾತಿಲ್ಲ. ಬಿಸಿ ರೊಟ್ಟಿ, ಮೇಲೆ ತುಪ್ಪ. ಮಧ್ಯಾಹ್ನ ಮಲಗಿದರೆ ಬೀಸಣಿಕೆ. ಕೊಲೆಗಾರನ ಜೊತೆ ಬಾಳುವ ಹೆಣ್ಣಿಗೆ ಅಂಜಿಕೆ ಸಹಜ ಎಂದು ನಾಗಣ್ಣನಿಗೆ ಕರುಳು ಚುರ್ರೆನ್ನುತ್ತಿತ್ತು. ಸತ್ಯ ಹೇಳಿಬಿಡಬೇಕು ಎನಿಸುತ್ತಿತ್ತು. ಅಷ್ಟರಲ್ಲಿ ಇನ್ನೊಂದು ರೊಟ್ಟಿ ಬಂದು ಬೀಳುತ್ತಿತ್ತು.

ಹೀಗೇ ವರ್ಷಗಳು ಕಳೆದವು. ಈಗ ಈ ಹೊಸ ಪಿಎಸ್‌ಐ, ಮೈತ್ರಿ, ಹಳೆಯ ಕೇಸು ತೆಗೆದು ಕೂತಿದ್ದಳು. ಅವಳಿಗೆ ಊರಿನ ಅಂಜಿಕೆ ಅಂಟಿರಲಿಲ್ಲ.

"ಸುಮ್ಮ ಕುಂತ್ರ ಈ ಸಲ ನಡೆಯಂಗಿಲ್ಲ ನಾಗಣ್ಣಾರ. ಇವತ್ತು ಹೇಳಲಿಲ್ಲಂದ್ರ ಅರೆಸ್ಟ್ ಮಾಡ್ತೇನಿ."

ಬೇಡಿ ಮೇಜಿನ ಮೇಲೇ ಇತ್ತು. ದೂರದಿಂದ ವಾಸಿ ಎನಿಸಿದ್ದ ಜೈಲು ಹತ್ತಿರದಿಂದ ಹಾಗೆ ಕಾಣಲಿಲ್ಲ. ನಾಗಣ್ಣ ಕಣ್ಣು ಮುಚ್ಚಿ, ಗುರುವನ್ನು ನೆನೆದು, ಆಮ್ಲೇಟಿನ ವಿಷಯ ಹೇಳಿಬಿಟ್ಟ.

ಮೈತ್ರಿ ಕರವಸ್ತ್ರ ಬಾಯಿಗೆ ಹಿಡಿದು ಬಹಳ ಹೊತ್ತು ಕೆಮ್ಮಿದಳು. ಆಮೇಲೆ ಶರಫುದ್ದೀನನನ್ನು ಕರೆಸಿದಳು.

"ಹೌದ್ರಿ ಮೇಡಂ," ಎಂದ ಶರಫುದ್ದೀನ. "ಅವ ಬಿದ್ದಾನಂತ ಮಂದಿ ಎಲ್ಲ ಓಡಿದಾಗ ಇವರು ಇನ್ನೊಂದು ಹಾಕು ಅನ್ನಾಕತ್ತಿದ್ರು."

"ಮತ್ತ ಆವಾಗ ಯಾಕ ಹೇಳಲಿಲ್ಲ?"

"ಗಿರಾಕಿ ಮರ್ಯಾದಿ ಪ್ರಶ್ನೆರಿ."

ಮೈತ್ರಿ ನಾಗಣ್ಣನ ಕಡೆ ತಿರುಗಿದಳು. "ಅವತ್ತು ನಿಮ್ಮ ಮನಿಯವರು ಎಲ್ಲಿದ್ರು?"

"ಅತನೂರಾಗ್ರಿ, ತವರಿಗೆ ಹೋಗಿದ್ಲು. ಆಕಿ ಊರಾಗಿದ್ರ ನಾ ಆ ಹೋಟೆಲಿನ ಕಡೆ ತಲಿ ಹಾಕಿ ಮಲಗ್ತಿದ್ನೇನ್ರಿ?"

ಶರಫುದ್ದೀನ ನಕ್ಕ. ಮೈತ್ರಿ ಈ ಸಲ ನಗಲಿಲ್ಲ. "ಒಂದು ಮಾತು ಅತನೂರಿಗೆ ಫೋನ್ ಹಚ್ಚಿ ಕೇಳ್ತೇನಿ. ನೀವು ಹೋಗ್ರಿ."

ನಾಗಣ್ಣ ಹಗುರಾಗಿ ಹೊರಬಿದ್ದ. ದಾರಿಯಲ್ಲಿ ಸಿಕ್ಕ ಪರಿಚಯದವನೊಬ್ಬ ಅವನಿಗೆ ದಾರಿ ಬಿಡದೆ, ನಕ್ಕು, "ಏನ್ ನಾಗಣ್ಣ, ಸಿಂಗಲ್ಲೋ ಡಬಲ್ಲೋ?" ಎಂದ. ಸುದ್ದಿ ಅವನಿಗಿಂತ ಮುಂದೆ ಓಡಿತ್ತು. ಮರ್ಯಾದೆ ಹೋಗಿತ್ತು. ಹೋಗಲಿ. ಹೆಂಡತಿಯ ಅಂಜಿಕೆಯೂ ಇಂದು ಹೋಗುತ್ತದಲ್ಲ.

ಗುರುಬಾಯಿ ರೊಟ್ಟಿ ಬಡಿಯುತ್ತಿದ್ದಳು. ಅವನು ಎದುರಿಗೆ ಕೂತು, ತಲೆ ತಗ್ಗಿಸಿ, ತತ್ತಿಯಿಂದ ಹಿಡಿದು ಠಾಣೆಯವರೆಗೆ ಎಲ್ಲ ಒಪ್ಪಿಸಿದ. "ನೀ ಇನ್ನ ಅಂಜಬ್ಯಾಡ. ಅವನ್ನ ಕೊಂದವ ನಾ ಅಲ್ಲ," ಎಂದ.

"ಅದು ನನಗ ಮೊದಲಿಂದಾನೂ ಗೊತ್ತದ," ಎಂದಳು ಗುರುಬಾಯಿ. ಅವಳ ಕೈ ನಿಂತಿತು. ಹೊರಗೆ ಜೀಪು ನಿಂತ ಸದ್ದಾಯಿತು. "ನೀವು ನಾಳಿ ನಾಳಿ ಅಂದ್ರಿ. ಅವತ್ತು ನಾ ಅತನೂರಿಗೆ ಹೋಗಲಿಲ್ಲ, ಅವನ್ನ ಕೇಳಾಕ ಹೋದೆ. ಕೈ ಹಿಡದ. ನೂಕಿದೆ."

ನಾಗಣ್ಣನ ಬಾಯಿ ತೆರೆದೇ ಉಳಿಯಿತು.

"ನನ್ನ ಉಳಿಸಾಕ ಬಾಯಿ ಮುಚ್ಕೊಂಡೀರಂತ ನಾ ಇಷ್ಟು ವರ್ಷ ತಿಳ್ಕೊಂಡಿದ್ನಲ್ರಿ."