ಕೊಂಚ ಮೇಲು

ಗಂಡ ಗಾದಿಲಿಂಗ ಮಾಳಿಗೆ ಹತ್ತಿದ್ದು ನೋಡಿದ ಮೇಲೆಯೇ ಲಿಂಗಕ್ಕನಿಗೆ ಹೋದ ಜೀವ ಬಂದಂತಾಯಿತು. ಆರು ಗಂಟೆಗೆ ಇನ್ನು ಇಪ್ಪತ್ತೇ ನಿಮಿಷ. ಆರಕ್ಕೆ ಆಕೆಯ ತಮ್ಮ ರೇವಣಸಿದ್ದ ಟೀವಿಯಲ್ಲಿ ಬರುವವನಿದ್ದ, ತನ್ನ ಟಗರಿನ ಸಮೇತ. ಕುರಿ ಸಾಕುವವರ ಕಾರ್ಯಕ್ರಮ. ಹೊಳೆಯಾಚೆ ಕರ್ನಾಟಕದ ಟವರಿನವರು ತಮ್ಮ ಸುತ್ತಲಿನ ರೈತರಿಗಷ್ಟೇ ಹಾಕುವಂಥದ್ದು, ಡಿಶ್ಶಿನಲ್ಲಿ ಬರುವುದಿಲ್ಲ, ಹಳೆಯ ಆಂಟೆನಾ ಇದ್ದರೆ ಮಾತ್ರ ಕಾಣುತ್ತದೆ ಎಂದು ಅವನೇ ಅಕ್ಕನಿಗೆ ಫೋನ್ ಮಾಡಿ ಹೇಳಿದ್ದ.

ಆಂಟೆನಾ ಮಾಳಿಗೆಯ ಮೂಲೆಯಲ್ಲೇ ಬಿದ್ದಿತ್ತು. ಅದರ ವೈರು ಮಾತ್ರ ಡಿಶ್ಶು ಬಂದ ವರ್ಷವೇ ಬಟ್ಟೆ ಒಣಹಾಕುವ ಹಗ್ಗವಾಗಿ ಹೋಗಿತ್ತು. ಹಾಗಾಗಿ ಗಾದಿಲಿಂಗ ಬೆಳಿಗ್ಗೆ ಆದೋನಿಗೆ ಹೋಗಿ ಎರಡು ಪುಟ್ಟ ಡಬ್ಬಿ ತಂದಿದ್ದ. ಮೇಲಿನ ಡಬ್ಬಿ ಡಿಶ್ಶನ್ನೂ ಆಂಟೆನಾವನ್ನೂ ಒಂದೇ ವೈರಿಗೆ ಕೂಡಿಸುತ್ತದೆ. ಕೆಳಗಿನದು ಅವನ್ನು ಮತ್ತೆ ಬೇರೆ ಮಾಡಿ, ಒಂದನ್ನು ಸೆಟ್‌ಟಾಪ್ ಬಾಕ್ಸಿಗೆ, ಇನ್ನೊಂದನ್ನು ನೇರ ಟೀವಿಗೆ ಕೊಡುತ್ತದೆ. ಮದುವೆ ಮಾಡಿಸುವುದೂ ಬೇರೆ ಸಂಸಾರ ಹೂಡಿಸುವುದೂ ಒಂದೇ ಅಂಗಡಿಯಲ್ಲಿ ಸಿಕ್ಕಂತೆ.

ಇದನ್ನೆಲ್ಲ ಗಾದಿಲಿಂಗ ಮಾಡುತ್ತಿರುವುದೇ ದೊಡ್ಡದು. ಅವನೂ ರೇವಣಸಿದ್ದನೂ ಮಾತು ಬಿಟ್ಟು ಆರು ವರ್ಷವಾಗಿತ್ತು. ಜಗಳ ಹೊಲಕ್ಕಲ್ಲ, ಮನೆಗಲ್ಲ, ಒಂದು ಟಗರಿಗೆ. ಗಾದಿಲಿಂಗ ತನ್ನ ಹಿಂಡಿನ ಟಗರುಮರಿಯೊಂದನ್ನು ಪ್ರೀತಿಯಿಂದ ಹೆಂಡತಿಯ ತಮ್ಮನಿಗೆ ಕೊಟ್ಟಿದ್ದ. ಅದು ಬೆಳೆದು ನಾಲ್ಕೂರು ಮಾತಾಡಿಕೊಳ್ಳುವಂಥದ್ದಾಯಿತು. ಸಂತೆಯಲ್ಲಿ ಯಾರೋ ಇದು ಯಾರ ತಳಿ ಎಂದು ಕೇಳಿದರೆ ರೇವಣಸಿದ್ದ ನಮ್ಮದೇ ಎಂದುಬಿಟ್ಟ. ಗಾದಿಲಿಂಗ ಅವನ ಬೆನ್ನ ಹಿಂದೆಯೇ ನಿಂತಿದ್ದ. ಅಂದಿನಿಂದ ಅವನು ಕೌತಾಳಂ ಪಕ್ಕದ ಈ ಊರು ಬಿಟ್ಟು ಹೊಳೆ ದಾಟಿದವನಲ್ಲ. ಲಿಂಗಕ್ಕ ಹೊಳೆಯಾಚೆಯ ತವರಿಗೆ ಒಬ್ಬಳೇ ಹೋಗಿ, ಒಬ್ಬಳೇ ಬಂದು, ಎರಡೂ ಕಡೆ ಬೈಸಿಕೊಂಡು ಸಾಕಾಗಿದ್ದಳು. ಇವತ್ತು ಕೇಳಿದರೆ, ಆಂಟೆನಾ ಕೂಡಿಸುತ್ತಿರುವುದು ಕನ್ನಡ ವಾರ್ತೆ ನೋಡಲಿಕ್ಕೆ ಎಂದ. ವಾರ್ತೆ ಶುರುವಾದರೆ ಗೊರಕೆ ಹೊಡೆಯುವ ಮನುಷ್ಯ!

ಕೆಳಗೆ ಟೀವಿಯ ಮುಂದೆ ಸೊಸೆ ಹಾರಿಕಾ ಕುಳಿತಿದ್ದಳು. ದೇವನಕೊಂಡ ಕಡೆಯ ತೆಲುಗು ಹುಡುಗಿ, ಮದುವೆಯಾಗಿ ಬಂದು ನಾಲ್ಕೇ ತಿಂಗಳು. ಚಿತ್ರ ಬಂತೋ ಇಲ್ಲವೋ ಕೂಗಿ ಹೇಳುವುದು ಅವಳ ಕೆಲಸ. ಗಾದಿಲಿಂಗ ಆಂಟೆನಾದ ಪೈಪನ್ನು ಹೊಳೆಯ ದಿಕ್ಕಿಗೆ ತಿರುಗಿಸಿದ. ಪರದೆಯ ಮೇಲೆ ಜೋಳದ ನುಚ್ಚು ಸುರಿಯಿತು. ಇನ್ನಷ್ಟು ತಿರುಗಿಸಿದ. ನುಚ್ಚಿನೊಳಗೆ ಯಾರದೋ ತಲೆ ಕಂಡಿತು.

"ಕೊಂಚೆಂ ಮೇಲು, ಮಾಮಾ," ಎಂದು ಹಾರಿಕಾ ಕೂಗಿದಳು.

ಮೊದಲಿಗಿಂತ ವಾಸಿ ಎಂದು ಅವಳು ತೆಲುಗಿನಲ್ಲಿ ಹೇಳಿದ್ದು. ಗಾದಿಲಿಂಗನಿಗೆ ತೆಲುಗು ಬಾರದೆಂದಲ್ಲ, ಆದೋನಿ ಮಾರ್ಕೆಟ್ಟಿನಲ್ಲಿ ಅವನು ಜಗಳವಾಡುವುದೇ ತೆಲುಗಿನಲ್ಲಿ. ಆದರೆ ಪೈಪು ಹಿಡಿದು ಮಾಳಿಗೆಯ ಮೇಲೆ ನಿಂತವನ ಕಿವಿಗೆ ಅದು ಕನ್ನಡವಾಗಿ, ಕೊಂಚ ಮೇಲಕ್ಕೆತ್ತು ಎಂದೇ ಬಿತ್ತು. ಪೈಪನ್ನು ಕಿತ್ತು ಒಂದು ಮೊಳ ಮೇಲೆತ್ತಿದ. ಚಿತ್ರ ತಿಳಿಯಾಯಿತು. "ಇಂಕಾ ಮೇಲು," ಇನ್ನೂ ವಾಸಿ, ಎಂದಳು ಅವಳು ಖುಷಿಯಿಂದ. ಇವನು ಹೆಗಲಿಗೇರಿಸಿದ. ಚಿತ್ರ ತೊಳೆದಿಟ್ಟಂತೆ ನಿಂತಿತು. ತಪ್ಪು ಕೇಳಿಸಿಕೊಂಡದ್ದೇ ಪುಣ್ಯವಾಯಿತು. ಆದರೆ ಇಳಿಸಿದರೆ ಮತ್ತೆ ನುಚ್ಚು. ಕಾರ್ಯಕ್ರಮ ಮುಗಿಯುವವರೆಗೂ ಗಾದಿಲಿಂಗ ಅಲ್ಲಾಡುವ ಹಾಗಿರಲಿಲ್ಲ.

ಹೇಳಿದ ಹೊತ್ತಿಗೆ ರೇವಣಸಿದ್ದ ಬಂದ. ಹೊಸ ಕಂಬಳಿ, ಎಣ್ಣೆ ಹಚ್ಚಿ ಬಾಚಿದ ತಲೆ, ಪಕ್ಕದಲ್ಲಿ ಆ ಹಳೆಯ ಟಗರಿನ ಮೊಮ್ಮಗ. ಟಗರು ಇವನಿಗಿಂತ ಧೈರ್ಯವಾಗಿ ನಿಂತಿತ್ತು. ಪ್ರಶ್ನೆ ಕೇಳುವ ಹುಡುಗಿ ಮೇವು, ರೋಗ ಎಲ್ಲ ವಿಚಾರಿಸಿ, ಕಡೆಗೆ ಈ ತಳಿ ಯಾರದೆಂದಳು.

"ತಳಿ ನಂದಲ್ರಿ," ಎಂದ ರೇವಣಸಿದ್ದ. "ನಮ್ಮ ಬಾವ ಗಾದಿಲಿಂಗಪ್ಪ ಅಂತ ಅದಾರ, ಅವರ ಹಿಂಡಿಂದು. ನಾ ಬರೇ ಸಾಕೀನಿ."

ಲಿಂಗಕ್ಕನಿಗೆ ಅಳುವೇ ಬಂತು. ಈ ಒಂದು ಮಾತಿಗಾಗಿ ಆಕೆ ತಮ್ಮನ ಮುಂದೆ ಎಷ್ಟು ಗೋಗರೆದಿದ್ದಳೋ. ಕಾರ್ಯಕ್ರಮ ಮುಗಿದದ್ದೇ ಸೆರಗಿನಿಂದ ಕಣ್ಣೊರೆಸಿಕೊಂಡು ಅಂಗಳಕ್ಕೆ ಓಡಿದಳು. ಟೀವಿಯ ಮಾತೊಂದೂ ಮಾಳಿಗೆಗೆ ಕೇಳಿರಲಿಲ್ಲ, ಗಾದಿಲಿಂಗ ಇನ್ನೂ ಆಂಟೆನಾ ಹೊತ್ತೇ ನಿಂತಿದ್ದ. ತಳಿ ಬಾವನದು ಎಂದು ತಮ್ಮ ಎಲ್ಲರೆದುರು ಒಪ್ಪಿಕೊಂಡ ಎಂದು ಹೇಳಿದಳು.

"ಅವಂಗ ಬಾವಂದಿರು ಇಬ್ಬರು," ಎಂದ ಗಾದಿಲಿಂಗ. "ಮಾಧವರಂ ಊರಾಗಿನಾತನೂ ಕುರಿ ಸಾಕತಾನ. ಯಾರ ಹೆಸರು ಅಂದಾನ?"

"ನಿಮ್ದ ಅಂದಾನ್ರಿ."

"ನಂದಂದ್ರ? ಅಂವ ಹ್ಯಾಂಗ ಅಂದಾನ, ಹಂಗ ಹೇಳು."

ಅಲ್ಲಿಗೆ ಲಿಂಗಕ್ಕ ಸಿಕ್ಕಿಬಿದ್ದಳು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ತಾಯಿ ಹೇಳಿ ಕಳಿಸಿದ್ದಳು. ಇಪ್ಪತ್ತೇಳು ವರ್ಷದಲ್ಲಿ ರೇಷನ್ ಅಂಗಡಿಯಲ್ಲೂ ಆಕೆ ಆ ಹೆಸರು ಹೇಳಿದವಳಲ್ಲ, ಪಕ್ಕದವರಿಂದ ಹೇಳಿಸುತ್ತಿದ್ದಳು. ಹಿಂದೆಯೇ ಅಂಗಳಕ್ಕೆ ಬಂದಿದ್ದ ಸೊಸೆಯ ಮುಖ ನೋಡಿದಳು. ಮಾವನ ಹೆಸರು ಹೇಳುವುದುಂಟೇ ಎಂದು ಹಾರಿಕಾ ನಾಲಿಗೆ ಕಚ್ಚಿಕೊಂಡಳು. ಮೇಲೆ ನಿಂತವನ ಮುಖ ಮತ್ತೆ ಗಂಟಾಗತೊಡಗಿತು. ತನ್ನ ಸಮಾಧಾನಕ್ಕೆ ಹೆಂಡತಿ ಕಟ್ಟಿ ಹೇಳುತ್ತಿದ್ದಾಳೆಂದೇ ಅವನು ತಿಳಿದಿದ್ದ.

ಆಯುಷ್ಯವೇನು, ದೇವರು ಕೊಟ್ಟಷ್ಟು. ಲಿಂಗಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕತ್ತೆತ್ತಿದಳು.

"ಗಾದಿಲಿಂಗಪ್ಪ ಅಂದಾನ," ಎಂದಳು, ಓಣಿಗೆಲ್ಲ ಕೇಳುವಂತೆ. "ನಮ್ಮ ಬಾವ ಗಾದಿಲಿಂಗಪ್ಪಂದು ಅಂದಾನ."

ಗಾದಿಲಿಂಗ ಹೆಗಲಿನ ಆಂಟೆನಾವನ್ನು ಮೆಲ್ಲಗೆ ಇಳಿಸಿ, ಮಾಳಿಗೆಯ ಅಂಚಿಗೆ ಬಂದು ಬಗ್ಗಿದ.

"ಸರಿ ಕೇಳಿಸಲಿಲ್ಲ," ಎಂದ. "ಇನ್ನೊಮ್ಮೆ ಅನ್ನು."