ಪರಸ್ಥಳದವರು

ಟೀ ಕಪ್ಪು ಕೈಜಾರಿ ಬೀಳಲಿಲ್ಲ. ಸೊಸೆ ಬೇಕೆಂದೇ ಬಿಟ್ಟಳು.

"ಅಯ್ಯೋ, ಕೈಗೇನಾದ್ರೂ ಆಯ್ತೇನೇ?" ಹೊಲಿಗೆ ಯಂತ್ರ ಬಿಟ್ಟು ಅತ್ತೆ ಅಡುಗೆಮನೆಗೆ ಓಡಿಬಂದರು.

"ಕೈಗೇನೂ ಆಗಿಲ್ಲ. ಆಗಿರೋದು ಮನಸ್ಸಿಗೆ."

ದೂರದೂರಿನಿಂದ ಮದುವೆಯಾಗಿ ಬಂದವಳು ಅವಳು. ಮಾತಿನ ರಾಗವೇ ಬೇರೆ. ಬಂದ ದಿನ ನಾದಿನಿ ಗಾಜಿನ ಬೀರುವಿನಿಂದ ಚಿನ್ನದಂಚಿನ ಕಪ್ಪು ತೆಗೆಯಹೋದಾಗ ಅತ್ತೆ ತಡೆದಿದ್ದರು. "ಅದನ್ನ ಅಲ್ಲೇ ಇಡೇ. ಪರಸ್ಥಳದವರ ವಿಷಯ ಬೇರೆ." ಹೊಸ ಸೊಸೆಯ ಕೈಗೆ ಬಂದದ್ದು ನೀಲಿ ಹೂವು ಮಾಸಿದ, ಬಾಯಲ್ಲಿ ಚಕ್ಕೆ ಎದ್ದ ಕಪ್ಪು.

ಪರಸ್ಥಳದವರು. ಆ ಪದವನ್ನು ಅವಳು ಕೇಳಿಯೇ ಇರಲಿಲ್ಲ. ಮೆಲ್ಲಗೆ ಗಂಡನನ್ನು ವಿಚಾರಿಸಿದಳು.

"ಹೊರಗಿನವರು ಅಂತ. ಹಳೇ ಕಾಲದ ಮಾತು, ಈಗ ಅಮ್ಮ ಒಬ್ಬಳೇ ಆಡೋದು," ಎಂದು ನಕ್ಕ ಮಹಾರಾಯ. ಅವಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ತವರಿಗೆ ಫೋನ್ ಮಾಡಿದಾಗ ಮಾತ್ರ, "ಚಿನ್ನದಂಚಿನ ಕಪ್ಪಲ್ಲೇ ಟೀ ಕೊಡ್ತಾರಮ್ಮ," ಎಂದು ಸುಳ್ಳು ಹೇಳಿದಳು.

ಅಂದಿನಿಂದ ಅವಳ ಕಣ್ಣೆಲ್ಲ ಆ ಬೀರುವಿನ ಮೇಲೆ. ಬಟ್ಟೆ ಹೊಲಿಸಲು ಬಂದವರಿಗೆಲ್ಲ ಚಿನ್ನದಂಚು. ನಲ್ಲಿ ರಿಪೇರಿಯವನಿಗೂ ಚಿನ್ನದಂಚು, ಮೇಲೆ ಸಾಸರು, "ತಗೊಳ್ಳಿ, ಸಂಕೋಚ ಬೇಡ" ಎಂಬ ಉಪಚಾರ. ಆ ಪುಣ್ಯಾತ್ಮ ಎರಡು ಸಲ ಹಾಕಿಸಿಕೊಂಡು ಕುಡಿದ. ಇವಳಿಗೆ ಮಾತ್ರ ಅದೇ ಚಕ್ಕೆ ಎದ್ದದ್ದು, "ಹಿಡಿಯೇ, ಆರಿಹೋಗುತ್ತೆ" ಎಂಬ ಗದರಿಕೆ. ಗಂಡ, ನಾದಿನಿಯರ ಕಪ್ಪುಗಳೂ ಹಳೆಯವೇ. ಅವರು ಮನೆಯವರು, ಏನಾದರೂ ನಡೆದೀತು ಎಂದುಕೊಂಡಳು. ಅತ್ತೆಯಂತೂ ಒಲೆಯ ಬಳಿ ನಿಂತೇ ಡಬ್ಬಿಯ ಮುಚ್ಚಳಕ್ಕೆ ಟೀ ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ಎಂಥ ಜಿಪುಣತನವೋ ಎನ್ನಿಸಿತ್ತು.

ಇವತ್ತು ಎಲ್ಲವನ್ನೂ ಕಕ್ಕಿಬಿಟ್ಟಳು. "ನಾನು ಪರಸ್ಥಳದವಳೇ, ಒಪ್ಕೋತೀನಿ. ಆದ್ರೆ ಆ ನಲ್ಲಿಯವನಿಗಿಂತ ಕಡೆಯಾ? ಅವನಿಗೆ ಕೊಟ್ಟ ಮರ್ಯಾದೆ ನನಗೂ ಕೊಡಿ!"

ಅತ್ತೆ ನೆಲದಲ್ಲಿ ಕೂತು ಚೂರುಗಳನ್ನು ಆರಿಸಿದರು. ಎರಡನ್ನು ಒಂದಕ್ಕೊಂದು ಹೊಂದಿಸಿ ನೋಡಿ, ಹೊಲಿಗೆ ಪೆಟ್ಟಿಗೆಯಲ್ಲಿ ದಾರದುಂಡೆಗಳ ನಡುವೆ ಇಟ್ಟರು. ಆಮೇಲೆ ಯಂತ್ರದ ಸದ್ದು ಕೇಳಲೇ ಇಲ್ಲ. ಕಿರುಚಬಾರದಿತ್ತು ಎಂದು ಸೊಸೆಗೆ ಒಳಗೊಳಗೇ ನಾಚಿಕೆಯಾಯಿತು. ಕ್ಷಮೆ ಕೇಳಲು ಬಾಯಿ ಬರಲಿಲ್ಲ.

ಮರುದಿನ ಬೆಳಗ್ಗೆ ಗಾಜಿನ ಬೀರು ತೆರೆಯಿತು. ಮೇಜಿನ ಮೇಲೆ ಅವಳೆದುರಿಗೆ ಚಿನ್ನದಂಚಿನ ಕಪ್ಪು ಬಂತು, ಕೆಳಗೆ ಸಾಸರು. ಅವಳ ಮುಖ ಅರಳಿತು. ಮುಚ್ಚಳ ಹಿಡಿದು ನಿಂತ ಅತ್ತೆಯನ್ನು ಕಂಡು ಮನಸ್ಸು ಕರಗಿಯೂ ಹೋಯಿತು.

"ನೀವ್ಯಾಕೆ ಅತ್ತೆ ಅದರಲ್ಲಿ ಕುಡೀತೀರಿ? ನಿಮಗೆ ಅಂತ ಒಂದು ಕಪ್ಪಿಲ್ವಾ?"

"ನಂದು ನಿನ್ನೆ ಒಡೀತಲ್ಲ," ಎಂದರು ಅತ್ತೆ. "ನೀವು ತಗೊಳ್ಳಿ, ಸಂಕೋಚ ಬೇಡ."