ಬಾಗಿಲ ಕಡೆ

“ಫೋನು ಅಕಿ ಕಿವಿಗೆ ಹಿಡಿ ಅಣ್ಣಾ,” ಎಂದಳು ನೀಲವ್ವ. ಪಂಚಮಿಗೆ ತವರಿಗೆ ಹೊರಡಲು ತುಂಬಿಟ್ಟ ಚೀಲ ಅವಳ ಪಕ್ಕದಲ್ಲೇ ಇತ್ತು.

ಅಣ್ಣ ಮಡಿವಾಳಪ್ಪ ಫೋನ್ ಮಾಡಿದ್ದೇ ಬರಬೇಡವೆಂದು ಹೇಳಲು. “ಹ್ವಾದ ಚಳಿಗಾಲದಾಗ ಚಳಿನ ಬೀಳಲಿಲ್ಲ, ನೊಣ ಸಾಯಲಿಲ್ಲ. ಆ ನೊಣದಿಂದನ ಊರಾಗ ದನಕ್ಕೆಲ್ಲಾ ಗಂಟುರೋಗ ಬಂದೈತಿ. ನಮ್ಮ ಕೆಂಚಿಗೂ ಮೈತುಂಬ ಗಂಟು ಎದ್ದಾವ, ಹುಲ್ಲು ಮುಟ್ಟವಲ್ಲಳು. ನೀ ಬಂದ್ರ ಅಕಿನ್ನ ತಬ್ಬಿಕೊಳ್ಳದ ಇರಾಂಗಿಲ್ಲ. ಆಮ್ಯಾಲೆ ಅಲ್ಲಿ ನಿನ್ನ ಗಬ್ಬದ ಆಕಳ ಗತಿ ಏನು? ಡಾಕ್ಟರೂ ಬ್ಯಾಡ ಅಂದಾರ.”

ಕೆಂಚಿ, ಮದುವೆಗೆ ಮುಂಚೆ ನೀಲವ್ವ ಕೈಯಾರೆ ಬೆಳೆಸಿದ ಕರು. ಹಳೇ ಹುಬ್ಬಳ್ಳಿಯ ಈ ಮನೆಯ ಹಿತ್ತಲಲ್ಲಿ ಕಟ್ಟಿದ್ದು ಅದರ ಮಗಳನ್ನು. ಪ್ರತಿ ಪಂಚಮಿಗೆ ನೀಲವ್ವ ತವರಿನ ಓಣಿಯ ತುದಿಯಿಂದಲೇ ಕೂಗುತ್ತಿದ್ದಳು, ಕೆಂಚಿ ಕೊಟ್ಟಿಗೆಯಿಂದ ಓಗೊಡುತ್ತಿತ್ತು. “ಬಂದ್ರಪಾ ಕೆಂಚಿ ಅವ್ವಾರು!” ಎಂದು ನಗುತ್ತ ಅತ್ತಿಗೆ ಹೊರಗೆ ಬರುತ್ತಿದ್ದುದು ಆಮೇಲೆ.

ಈಗ ಫೋನಿನಲ್ಲೂ ಹಾಗೆಯೇ ಕೂಗಿದಳು. “ಕೆಂಚೀ, ಬಾ ನನ್ನವ್ವಾ!”

ಹಿತ್ತಲಲ್ಲಿ ಅವಳ ಆಕಳು ಕಿವಿ ನಿಮಿರಿಸಿ ನೋಡಿತು. ಒಂದು ಗಂಟೂ ಇಲ್ಲದ ಮೈ ಬಿಸಿಲಿಗೆ ನುಣ್ಣಗೆ ಹೊಳೆಯುತ್ತಿತ್ತು.

“ತಂಗಿ, ತಲಿ ಎತ್ತಿದ್ಲು!” ಎಂದ ಅಣ್ಣ. “ನನ್ನ ಕಡೆ ಅಲ್ಲ, ಬಾಗಲದ ಕಡೆ ನೋಡಾಕತ್ತಾಳ. ನೀ ಬಂದಿ ಅಂತ ತಿಳದಾಳ.”

ನೀಲವ್ವನ ಕೈ ಚೀಲದ ಹಿಡಿಯ ಮೇಲಿತ್ತು. ಮತ್ತೊಮ್ಮೆ ಕೂಗಲು ಬಾಯಿ ತೆರೆದಳು, ಕೂಗಲಿಲ್ಲ.

“ಬಾಗಲಾ ಹಾಕಿಬಿಡು ಅಣ್ಣಾ,” ಎಂದಳು.